ಇಳಿಯದ ಚಪ್ಪರ: ನ್ಯೂಯಾರ್ಕಿನ ಫುಟ್‌ಪಾತುಗಳ ಮೇಲೆ ಹಸಿರು ಮಾಡು ವರ್ಷಗಟ್ಟಲೆ ನಿಲ್ಲುವುದೇಕೆ

ಮ್ಯಾನ್‌ಹಟನ್ನಿನಲ್ಲಿ ಮಳೆ ಹಿಡಿದರೆ ಕೊಡೆ ಬಿಚ್ಚದೆಯೇ ಎಷ್ಟೋ ದೂರ ನಡೆಯಬಹುದು. ಫುಟ್‌ಪಾತಿನ ಮೇಲೆ ಉಕ್ಕಿನ ಕಂಬ ನಿಲ್ಲಿಸಿ, ತೊಲೆ ಹಾಯಿಸಿ, ಮೇಲೆ ಹಲಗೆ ಹಾಸಿ, ಅಂಚಿಗೆ ಕಡುಹಸಿರು ಬಣ್ಣ ಬಳಿದ ಪ್ಲೈವುಡ್ ತಡೆ ಕಟ್ಟಿದ ಚಪ್ಪರಗಳು ಕಟ್ಟಡದಿಂದ ಕಟ್ಟಡಕ್ಕೆ ಸಾಲುಗಟ್ಟಿವೆ. ಅಧಿಕೃತ ಹೆಸರು ಸೈಡ್‌ವಾಕ್ ಶೆಡ್. ಊರಿನವರು ಬಾಯಿಮಾತಿಗೆ ಸ್ಕ್ಯಾಫೋಲ್ಡಿಂಗ್ ಎನ್ನುವುದುಂಟು, ಆದರೆ ಅದು ಸರಿಯಲ್ಲ. ಸಾರುವೆ ಇರುವುದು ಕೆಲಸಗಾರ ಹತ್ತಿ ನಿಂತು ಗೋಡೆ ಮುಟ್ಟುವುದಕ್ಕೆ. ಚಪ್ಪರ ಇರುವುದು ಮೇಲಿನಿಂದ ಬೀಳುವುದು ಕೆಳಗಿನವರ ತಲೆ ಮುಟ್ಟದಿರುವುದಕ್ಕೆ. ಹಾಗಾಗಿ ಚಪ್ಪರ ಕಂಡಿತೆಂದರೆ ಮೇಲೆ ರಿಪೇರಿ ನಡೆಯುತ್ತಿದೆ ಎಂದು ಅರ್ಥವಲ್ಲ. ಎಷ್ಟೋ ಕಡೆ ಒಬ್ಬ ಮೇಸ್ತ್ರಿಯೂ ಮೇಲೆ ಹತ್ತಿರುವುದಿಲ್ಲ.

ಮದುವೆ ಚಪ್ಪರವಾದರೆ ಮೂರನೇ ದಿನಕ್ಕೆ ಬಿಚ್ಚುತ್ತಾರೆ. 2023ರ ಜುಲೈನಲ್ಲಿ ಆಗಿನ ಮೇಯರ್ ಎರಿಕ್ ಆಡಮ್ಸ್ ಚಪ್ಪರ ಇಳಿಸುವ ಯೋಜನೆ ಪ್ರಕಟಿಸಿದಾಗ ನಗರಾಡಳಿತವೇ ಕೊಟ್ಟ ಲೆಕ್ಕ ಹೀಗಿತ್ತು: ಪರವಾನಗಿ ಇರುವ ಚಪ್ಪರಗಳು ಸುಮಾರು 9,000, ಒಟ್ಟು ಉದ್ದ 20 ಲಕ್ಷ ಅಡಿಗೂ ಹೆಚ್ಚು (600 ಕಿಲೋಮೀಟರ್ ದಾಟಿತು), ಸರಾಸರಿ ವಯಸ್ಸು 500 ದಿನಗಳ ಹತ್ತಿರ. ಇದು ಸರಾಸರಿ. ಹಾರ್ಲೆಮ್‌ನ 409 ಎಡ್ಜ್‌ಕೂಂಬ್ ಅವೆನ್ಯೂ ಕಟ್ಟಡದ ಚಪ್ಪರ ಹದಿನೈದು ವರ್ಷ ದಾಟಿ ನಿಂತಿತ್ತು. ಕಟ್ಟಡ ಇಲಾಖೆಯ ಕಚೇರಿ ಇರುವ 280 ಬ್ರಾಡ್‌ವೇಗೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಚಪ್ಪರವಿತ್ತು. ನಿಯಮ ಜಾರಿ ಮಾಡುವವರ ಬಾಗಿಲಲ್ಲೇ ಹೀಗಾದರೆ ಉಳಿದವರ ಪಾಡು ಹೇಳಬೇಕಿಲ್ಲ.

ಚಪ್ಪರ ಕುರೂಪ, ಕತ್ತಲು, ವ್ಯಾಪಾರಕ್ಕೆ ಕುತ್ತು ಎಂಬ ದೂರುಗಳೆಲ್ಲ ನಿಜ. ಆದರೆ ಅದು ಇಷ್ಟು ಕಾಲ ನಿಲ್ಲುವುದಕ್ಕೆ ಕಾರಣ ಅದರ ರೂಪವಲ್ಲ, ಲೆಕ್ಕಾಚಾರ. ಚಪ್ಪರ ಹಾಕಲೇಬೇಕೆಂದು ಕಾನೂನು ಕಟ್ಟುನಿಟ್ಟಾಗಿ ಹೇಳಿತು. ಗೋಡೆ ಇಷ್ಟರೊಳಗೆ ಸರಿಮಾಡಲೇಬೇಕೆಂದು ಅಷ್ಟೇ ಬಿಗಿಯಾಗಿ ಹೇಳಲಿಲ್ಲ. ಕಾಯುವುದು ಅಗ್ಗವಾದಲ್ಲಿ ಯಜಮಾನ ಕಾಯುತ್ತಾನೆ.

ಸಾವಿನಿಂದ ಸಾವಿಗೆ ಬೆಳೆದ ಕಾನೂನು

1979ರ ಮೇ ತಿಂಗಳಲ್ಲಿ ಬ್ರಾಡ್‌ವೇ ಮತ್ತು 115ನೇ ಬೀದಿ ಸೇರುವಲ್ಲಿ ಕಟ್ಟಡವೊಂದರ ಮುಂಗೋಡೆಯ ತುಂಡು ಬಿದ್ದು ಬರ್ನಾರ್ಡ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ಮರುವರ್ಷವೇ ಸ್ಥಳೀಯ ಕಾನೂನು 10 ಬಂತು: ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಬೀದಿಬದಿಯ ಗೋಡೆಗಳನ್ನು ಐದು ವರ್ಷಕ್ಕೊಮ್ಮೆ ಪರಿಣತರು ಪರೀಕ್ಷಿಸಬೇಕು. ಅದರ ಒಂದು ಅಡ್ಡಪರಿಣಾಮ ಇಂದಿಗೂ ಕಣ್ಣಿಗೆ ಕಾಣುತ್ತದೆ. ಸಡಿಲವಾದ ಅಲಂಕಾರವನ್ನು ರಿಪೇರಿ ಮಾಡಿಸುವುದಕ್ಕಿಂತ ಕಿತ್ತೆಸೆಯುವುದೇ ಸುಲಭವೆಂದು ಎಷ್ಟೋ ಮಾಲೀಕರು ನೂರು ವರ್ಷದ ಕಾರ್ನಿಸುಗಳನ್ನು ಇಳಿಸಿಬಿಟ್ಟರು. ತಲೆ ಬೋಳಿಸಿಕೊಂಡಂತೆ ನಿಂತಿರುವ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ಹಲವು ಹಾಗಾದದ್ದು ಆ ಕಾಲದಲ್ಲೇ.

1997ರ ಡಿಸೆಂಬರಿನಲ್ಲಿ 540 ಮ್ಯಾಡಿಸನ್ ಅವೆನ್ಯೂ ಗೋಪುರದ ಇಟ್ಟಿಗೆ ಗೋಡೆಯ ಭಾಗ ಕುಸಿಯಿತು. 1998ರ ಸ್ಥಳೀಯ ಕಾನೂನು 11 ಪರೀಕ್ಷೆಯನ್ನು ಬೀದಿಬದಿಗೆ ಮಾತ್ರವಲ್ಲದೆ ಹಿಂಬದಿ, ಪಕ್ಕದ ಗೋಡೆಗಳಿಗೂ ಹಬ್ಬಿಸಿತು. ಪಕ್ಕದ ಕಟ್ಟಡಕ್ಕೆ ಅಂಟಿಕೊಂಡಂತಿರುವ ಗೋಡೆಗಷ್ಟೇ ವಿನಾಯಿತಿ. ಇಂದು ಈ ವ್ಯವಸ್ಥೆಯ ಹೆಸರು ಎಫ್‌ಐಎಸ್‌ಪಿ (ಮುಂಗೋಡೆ ಪರೀಕ್ಷೆ ಮತ್ತು ಸುರಕ್ಷತಾ ಕಾರ್ಯಕ್ರಮ), ಬಾಯಿಮಾತಿಗೆ ಈಗಲೂ 'ಲೋಕಲ್ ಲಾ ಇಲೆವೆನ್'. ಸುಮಾರು 16,000 ಕಟ್ಟಡಗಳು ಇದರಡಿ ಬರುತ್ತವೆ. 2019ರ ಡಿಸೆಂಬರಿನಲ್ಲಿ ಟೈಮ್ಸ್ ಸ್ಕ್ವೇರ್ ಹತ್ತಿರದ 729 ಸೆವೆಂತ್ ಅವೆನ್ಯೂ ಕಟ್ಟಡದಿಂದ ಬಿದ್ದ ತುಂಡು 60 ವರ್ಷದ ವಾಸ್ತುಶಿಲ್ಪಿಯೊಬ್ಬರ ಪ್ರಾಣ ತೆಗೆಯಿತು. ಗೋಡೆ ಕೆಟ್ಟಿದೆ ಎಂದು ಅದೇ ವರ್ಷದ ಏಪ್ರಿಲಿನಲ್ಲೇ ನಗರ ನೋಟಿಸು ಕೊಟ್ಟಿತ್ತು. ಎಂಟು ತಿಂಗಳಾದರೂ ಕೆಳಗೆ ಚಪ್ಪರ ಇರಲಿಲ್ಲ. ಚಪ್ಪರಗಳನ್ನು ಬೈಯುವ ಮೊದಲು ಈ ಪ್ರಕರಣವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಪರೀಕ್ಷೆ ಮಾಡುವವರು ಪರವಾನಗಿ ಪಡೆದ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯಾಗಿರಬೇಕು, ಜೊತೆಗೆ ಗೋಡೆಗಳ ಕೆಲಸದಲ್ಲಿ 7 ವರ್ಷದ ಅನುಭವ ಬೇಕು. 2020ರ ಫೆಬ್ರವರಿಯಲ್ಲಿ ಶುರುವಾದ, ಐದು ವರ್ಷದ ಒಂಬತ್ತನೇ ಪರೀಕ್ಷಾ ಸುತ್ತಿಗೆ ಮೊದಲು ಒಂದೇ ವರ್ಷದ ಅನುಭವ ಸಾಕಿತ್ತು. ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ ಪ್ರತಿ 60 ಅಡಿ ಅಗಲಕ್ಕೆ ಒಂದು ಪಟ್ಟಿಯಂತೆ, ನೆಲದಿಂದ ತುದಿಯವರೆಗೆ, ಕೈಗೆಟುಕುವಷ್ಟು ಹತ್ತಿರ ಹೋಗಿ ನೋಡಬೇಕು. ಈ ಪಟ್ಟಿಗೆ ಕಸುಬಿನವರು 'ಡ್ರಾಪ್' ಎನ್ನುತ್ತಾರೆ. ಮರದ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದು ಇಲ್ಲಿ ಮುಖ್ಯ: ಗಟ್ಟಿ ಇಟ್ಟಿಗೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಟೊಳ್ಳು ಸದ್ದು ಕೊಡುತ್ತದೆ. ಒಳಗೆ ಟೊಳ್ಳು ಬಿಟ್ಟು ಕಟ್ಟಿದ ಎರಡು ಪದರದ ಗೋಡೆಯಾದರೆ ಅಲ್ಲಲ್ಲಿ ಇಟ್ಟಿಗೆ ಕಿತ್ತು, ಪದರಗಳನ್ನು ಕಟ್ಟಿಹಿಡಿದ ಲೋಹದ ಪಟ್ಟಿಗಳು ಇನ್ನೂ ಇವೆಯೇ, ತುಕ್ಕಿಗೆ ಹೋಗಿವೆಯೇ ಎಂದು ನೋಡಬೇಕು.

ಕೊನೆಗೆ ಮೂರರಲ್ಲಿ ಒಂದು ತೀರ್ಪು. ಸುರಕ್ಷಿತ. ಅಸುರಕ್ಷಿತ. ಇವೆರಡರ ನಡುವೆ 'ಸ್ವಾರ್ಂಪ್' ಎಂಬ ವಿಚಿತ್ರ ಹೆಸರಿನದೊಂದು: ಈಗ ಅಪಾಯವಿಲ್ಲ, ಆದರೆ ಹೇಳಿದ ವರ್ಷದೊಳಗೆ ಇಂತಿಂಥ ರಿಪೇರಿ ಆಗಬೇಕು. ಒಮ್ಮೆ ಸ್ವಾರ್ಂಪ್ ಎಂದು ಬರೆಸಿಕೊಂಡ ದೋಷವನ್ನು ಮುಂದಿನ ಸುತ್ತಿನಲ್ಲೂ ಸ್ವಾರ್ಂಪ್ ಎಂದು ಬರೆಯುವಂತಿಲ್ಲ. ಸರಿಮಾಡಿಸದೆ ಬಿಟ್ಟಿದ್ದರೆ ಅದು ತಾನಾಗಿ ಅಸುರಕ್ಷಿತವಾಗುತ್ತದೆ. ಐದು ವರ್ಷ ಕಪಾಟಿನಲ್ಲಿ ಮಲಗಿದ್ದ ವರದಿ ಒಂದು ಬೆಳಗ್ಗೆ ಚಪ್ಪರವಾಗಿ ಬಾಗಿಲ ಮುಂದೆ ಎದ್ದು ನಿಲ್ಲುವುದು ಹೀಗೆ.

ಅಸುರಕ್ಷಿತ ಎಂದಾದ ಕೂಡಲೇ ಜನರಿಗೆ ರಕ್ಷಣೆ ಕಟ್ಟಬೇಕು, 90 ದಿನದಲ್ಲಿ ದೋಷ ಸರಿಪಡಿಸಬೇಕು. ಆಗದಿದ್ದರೆ ಗಡುವು ವಿಸ್ತರಣೆ ಕೇಳಬಹುದು; ಮತ್ತೆ ಕೇಳಬಹುದು. ಇಲ್ಲಿ ಸಹಿ ಹಾಕುವವರ ಕಷ್ಟವೂ ಇದೆ. 'ಸುರಕ್ಷಿತ' ಎಂದು ಬರೆದ ಗೋಡೆಯಿಂದ ಇಟ್ಟಿಗೆ ಬಿದ್ದರೆ ಪರವಾನಗಿ ಹೋಗುತ್ತದೆ, ಕೋರ್ಟು ಬಾಗಿಲಿಗೆ ಬರುತ್ತದೆ. 'ಅಸುರಕ್ಷಿತ' ಎಂದು ಬರೆದರೆ ಅವರಿಗೆ ಕಳೆದುಕೊಳ್ಳುವುದೇನೂ ಇಲ್ಲ. ಅನುಮಾನ ಬಂದಲ್ಲೆಲ್ಲ ತಕ್ಕಡಿ ಚಪ್ಪರದ ಕಡೆಗೇ ವಾಲುತ್ತದೆ.

ಗೋಡೆ ಬೀಳುವುದು ಏಕೆ

ಇಪ್ಪತ್ತನೇ ಶತಮಾನದ ಮೊದಲ ದಶಕಗಳ ಕಟ್ಟಡಗಳಲ್ಲಿ ಉಕ್ಕಿನ ಕಂಬ, ತೊಲೆಗಳನ್ನು ಇಟ್ಟಿಗೆ ಗೋಡೆಯೊಳಗೇ ಹುದುಗಿಸಿದರು. ದಪ್ಪ ಗೋಡೆಯೇ ನೀರು ತಡೆಯುತ್ತದೆ ಎಂಬ ನಂಬಿಕೆ ಅವರದು. ಬೇರೆ ಜಲನಿರೋಧಕ ಪದರ ಇಲ್ಲ. ದಶಕಗಳ ಮಳೆ ಗಾರೆಯ ಸಂದಿಗಳಿಂದ ಇಳಿದು ಉಕ್ಕನ್ನು ಮುಟ್ಟಿತು. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಜಾಕಿ ಕೊಟ್ಟಂತೆ ಇಟ್ಟಿಗೆಯನ್ನು ಹೊರಕ್ಕೆ ದೂಡುತ್ತದೆ. ಕಟ್ಟಡದ ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ನೇರ ಬಿರುಕು ಕಂಡರೆ ಒಳಗಿನ ಮೂಲೆಗಂಬಕ್ಕೆ ತುಕ್ಕು ಹಿಡಿದಿದೆ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಕಿಟಕಿಯ ಮೇಲಿನ ಲಿಂಟಲ್ಲುಗಳ ಎರಡು ತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕಿಗೂ ಇದೇ ಕಾರಣ.

ಟೆರಾಕೋಟಾ ಇನ್ನೂ ಸೂಕ್ಷ್ಮ. ಅಚ್ಚಿಗೆ ಒತ್ತಿ, ಗಾಜಿನ ಹೊಳಪು ಕೊಟ್ಟು ಸುಟ್ಟ, ಒಳಗೆ ಟೊಳ್ಳಾದ ಮಣ್ಣಿನ ತುಂಡುಗಳಿವು. ಉಕ್ಕಿನ ಕೊಕ್ಕೆಗಳಿಂದ ತೂಗಿಬಿಟ್ಟಿರುತ್ತಾರೆ. ಹೊಳಪಿನ ಪದರ ಹೊರಗಿನ ನೀರನ್ನು ತಡೆಯುತ್ತದೆ ನಿಜ, ಒಮ್ಮೆ ಒಳಹೊಕ್ಕ ನೀರನ್ನೂ ಹೊರಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಹೊಳಪು ಸಿಡಿಯುತ್ತದೆ, ಕೊಕ್ಕೆ ತುಕ್ಕಿಗೆ ಕರಗುತ್ತದೆ. 1913ರ ವುಲ್‌ವರ್ತ್ ಕಟ್ಟಡದಲ್ಲಿ 1970ರ ದಶಕದ ಕೊನೆಗೆ ಶುರುವಾದ ದುರಸ್ತಿಯಲ್ಲಿ ಸುಮಾರು 26,000 ಟೆರಾಕೋಟಾ ತುಂಡುಗಳನ್ನು ತೆಗೆದು ಕಾಂಕ್ರೀಟಿನ ಅಚ್ಚುಗಳನ್ನು ಕೂರಿಸಬೇಕಾಯಿತು. ಇಂದು ಅದೇ ಮಣ್ಣಿನಲ್ಲಿ ಮಾಡಿಸುತ್ತೇವೆಂದರೆ ಅಮೆರಿಕದಲ್ಲಿ ಈ ಕಸುಬು ಉಳಿಸಿಕೊಂಡಿರುವ ದೊಡ್ಡ ಕಾರ್ಖಾನೆಗಳು ಮುಖ್ಯವಾಗಿ ಎರಡು: ಬಫೆಲೊ ಹತ್ತಿರದ ಬಾಸ್ಟನ್ ವ್ಯಾಲಿ, ಕ್ಯಾಲಿಫೋರ್ನಿಯಾದ ಗ್ಲ್ಯಾಡಿಂಗ್ ಮೆಕ್‌ಬೀನ್. ಅಳತೆ, ಅಚ್ಚು, ಸುಡುವಿಕೆ ಎಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಬಣ್ಣದ ಮಾದರಿಗೂ ಪರಂಪರೆ ಆಯೋಗದ ಒಪ್ಪಿಗೆ ಬೇಕು. ಚಪ್ಪರ ನಿಂತೇ ಇರುತ್ತದೆ.

ಹಳೆಯ ಕಟ್ಟಡಗಳನ್ನೇ ದೂರಬೇಕಿಲ್ಲ. 1950, 60ರ ದಶಕದ ಬಿಳಿ ಹೊಳಪಿನ ಇಟ್ಟಿಗೆಯ ಅಪಾರ್ಟ್‌ಮೆಂಟುಗಳು ಈ ಕಸುಬಿನವರಿಗೆ ಖಾಯಂ ಗಿರಾಕಿಗಳು. ಸುಟ್ಟ ಇಟ್ಟಿಗೆ ವರ್ಷಗಳುದ್ದಕ್ಕೂ ತೇವ ಹೀರಿ ಕೊಂಚ ಕೊಂಚ ಹಿಗ್ಗುತ್ತದೆ, ಮತ್ತೆ ಕುಗ್ಗುವುದಿಲ್ಲ. ಒಳಗಿನ ಕಾಂಕ್ರೀಟ್ ಚೌಕಟ್ಟು ಭಾರಕ್ಕೆ ಕೊಂಚ ಕೊಂಚ ಕುಗ್ಗುತ್ತದೆ. ನಡುವೆ ಹಿಗ್ಗಲು ಸಂದಿ ಬಿಟ್ಟಿರದಿದ್ದರೆ ಇಟ್ಟಿಗೆ ಹೊಟ್ಟೆ ಉಬ್ಬಿಸುತ್ತದೆ. ಇವೆಲ್ಲದರ ಮೇಲೆ ಅಗ್ಗದ ರಿಪೇರಿಯ ಪಾಪವೂ ಇದೆ. ಮೃದುವಾದ ಸುಣ್ಣದ ಗಾರೆಯ ಗೋಡೆಗೆ ಗಡುಸು ಸಿಮೆಂಟಿನಿಂದ ಪಾಯಿಂಟಿಂಗ್ ಮಾಡಿದರೆ, ಅಂದರೆ ಸಂದಿ ತುಂಬಿದರೆ, ತೇವ ಸಂದಿಯಿಂದ ಹೊರಹೋಗಲಾಗದೆ ಇಟ್ಟಿಗೆಯ ಮೈಯಿಂದಲೇ ಹೊರಡುತ್ತದೆ, ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸಂದಿ ಗಟ್ಟಿಯಾಗಿ ಉಳಿದು ಇಟ್ಟಿಗೆ ಸವೆದ ಗೋಡೆಗೆ ಕೆಟ್ಟ ರಿಪೇರಿ ಆಗಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಎಲ್ಲಕ್ಕಿಂತ ಬೇಗ ಕೆಡುವುದು ಛಾವಣಿಯ ಅಂಚಿನ ಪ್ಯಾರಪೆಟ್ ಗೋಡೆ. ಅದಕ್ಕೆ ಎರಡೂ ಕಡೆಯಿಂದ ಮಳೆ, ಎರಡೂ ಕಡೆಯಿಂದ ಚಳಿ. 2024ರ ಜನವರಿಯಿಂದ ಬೀದಿಗೆ ಮುಖ ಮಾಡಿದ ಪ್ಯಾರಪೆಟ್ ಇರುವ ಕಟ್ಟಡ ಎಷ್ಟೇ ಎತ್ತರವಿರಲಿ, ಅದನ್ನು ವರ್ಷಕ್ಕೊಮ್ಮೆ ನೋಡಿಸಿ ದಾಖಲೆ ಇಡಬೇಕೆಂಬ ನಿಯಮ ಬಂದಿದೆ. ಒಂಟಿಯಾಗಿ ನಿಂತ ಒಂದೆರಡು ಕುಟುಂಬದ ಮನೆಗಳಿಗೆ ವಿನಾಯಿತಿ ಇದೆ. ಸದ್ದಿಲ್ಲದೆ ಬಂದ ಈ ನಿಯಮ ಹೊಸ ಚಪ್ಪರ ವಿನ್ಯಾಸಗಳಿಗಿಂತ ಹೆಚ್ಚು ಉಪಯೋಗದ್ದೆಂದು ನಮ್ಮ ಅನಿಸಿಕೆ. ಸಣ್ಣ ಬಿರುಕಿಗೆ ಸಕಾಲದಲ್ಲಿ ಗಾರೆ ತುಂಬಿದರೆ ಚಪ್ಪರದ ಮಾತೇ ಬರುವುದಿಲ್ಲ.

ಚಪ್ಪರದ ಮೈಕಟ್ಟು

ಗೋಡೆಯ ದೋಷಕ್ಕೆ ಮಾತ್ರವಲ್ಲ, 40 ಅಡಿಗಿಂತ ಎತ್ತರ ಕಟ್ಟುವಾಗ, 25 ಅಡಿಗಿಂತ ಎತ್ತರದ್ದನ್ನು ಕೆಡವುವಾಗಲೂ ಚಪ್ಪರ ಬೇಕು. ಮಾಮೂಲಿ ಚಪ್ಪರ ಪ್ರತಿ ಚದರಡಿಗೆ 300 ಪೌಂಡ್, ಅಂದರೆ ಸುಮಾರು 136 ಕಿಲೋ ಹೊರಬೇಕು. 100 ಅಡಿಗಿಂತ ಕೆಳಗಿನ ಕಟ್ಟಡಕ್ಕೆ, ಮೇಲೆ ಸಾಮಾನು ಇಡದಿದ್ದರೆ, ಅರ್ಧ ಸಾಕು. ಲೆಕ್ಕ ಹಾಕಿ ನೋಡಿ: 10 ಅಡಿ ಅಗಲದ ಚಪ್ಪರದಲ್ಲಿ 8 ಅಡಿಗೊಂದು ಜೋಡಿ ಕಂಬವಿದ್ದರೆ ಆ ಅಂಕಣದ ಭಾರ 24,000 ಪೌಂಡ್, ಕಂಬವೊಂದಕ್ಕೆ ಐದು ಟನ್ನಿಗೂ ಹೆಚ್ಚು. ಕಂಬ ದಪ್ಪ, ಒತ್ತೊತ್ತು, ನಡುವೆ ಅಡ್ಡಾದಿಡ್ಡಿ ಪಟ್ಟಿ ಎಲ್ಲವೂ ಈ ಅಂಕಿಯ ಫಲ. ಮ್ಯಾನ್‌ಹಟನ್ನಿನ ಎಷ್ಟೋ ಫುಟ್‌ಪಾತುಗಳ ಕೆಳಗೆ ಹಳೆಯ ನೆಲಮಾಳಿಗೆಯ ಕೋಣೆಗಳು ಚಾಚಿಕೊಂಡಿವೆ. ಅಂಥಲ್ಲಿ ಐದು ಟನ್ನಿನ ಕಂಬವನ್ನು ಸುಮ್ಮನೆ ಊರಲಾಗದು. ಕೆಳಗೆ ದಪ್ಪ ಮರದ ದಿಮ್ಮಿ ಹಾಸಿ ಭಾರ ಹಂಚಬೇಕು, ಇಲ್ಲವೇ ಮಾಳಿಗೆಯೊಳಗೂ ಆಧಾರ ಕೊಡಬೇಕು.

ಚಪ್ಪರ ಕಟ್ಟಡದ ಎರಡೂ ಪಕ್ಕಕ್ಕೆ 20 ಅಡಿಯವರೆಗೆ ಮುಂದುವರಿಯಬೇಕೆಂಬ ನಿಯಮವೂ ಇದೆ. ಪಕ್ಕದ ಅಂಗಡಿಯವನು ಮಾಡದ ತಪ್ಪಿಗೆ ಬೋರ್ಡು ಮರೆಯಾಗುವುದು ಇದರಿಂದ. ಪಕ್ಕದವರ ಜಾಗಕ್ಕೆ ಕಾಲಿಡಲು ಒಪ್ಪಂದ ಬೇಕು, ಒಪ್ಪದಿದ್ದರೆ ರಾಜ್ಯದ ಆಸ್ತಿ ಕಾನೂನಿನ 881ನೇ ವಿಧಿಯಡಿ ನ್ಯಾಯಾಲಯಕ್ಕೆ ಹೋಗಬೇಕು. ವಕೀಲರ ಪತ್ರಗಳು ಓಡಾಡುವ ಹೊತ್ತಿಗೆ ರಿಪೇರಿಯ ಋತು ದಾಟುತ್ತದೆ. ಗಾರೆಯ ಕೆಲಸಕ್ಕೆ ತಾಪಮಾನ 4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಡಿಸೆಂಬರಿನಿಂದ ಮಾರ್ಚಿನವರೆಗೆ ಕೆಲಸ ಬಹುಮಟ್ಟಿಗೆ ನಿಂತಂತೆಯೇ. ಆಗಸ್ಟಿನಲ್ಲಿ ಗುತ್ತಿಗೆ ಸಹಿಯಾಗದಿದ್ದರೆ ಮುಂದಿನ ಏಪ್ರಿಲಿನವರೆಗೆ ಚಪ್ಪರ ಖಾಲಿ ನಿಂತಿತೆಂದೇ ಲೆಕ್ಕ.

ಮಾಸ್ಟರ್‌ಕಾರ್ಡ್ ಸಂಸ್ಥೆಯ ಅರ್ಥಶಾಸ್ತ್ರ ವಿಭಾಗ 2024ರಲ್ಲಿ ನಗರಕ್ಕಾಗಿ ಮಾಡಿದ ಅಧ್ಯಯನದಲ್ಲಿ ಚಪ್ಪರದಡಿಯ ಮ್ಯಾನ್‌ಹಟನ್ ವ್ಯಾಪಾರಗಳು ತಿಂಗಳಿಗೆ 3,900ರಿಂದ 9,500 ಡಾಲರ್ ಕಳೆದುಕೊಳ್ಳುತ್ತವೆ ಎಂದು ಕಂಡುಬಂತು. ಆ ನಷ್ಟ ಬಾಡಿಗೆದಾರನದು. ಗೋಡೆ ಯಾವಾಗ ರಿಪೇರಿಯಾಗಬೇಕೆಂದು ತೀರ್ಮಾನಿಸುವವನದಲ್ಲ.

ಯಜಮಾನನ ಲೆಕ್ಕ

ಚಪ್ಪರಕ್ಕೆ ಕಟ್ಟುವಾಗ ಒಂದು ದೊಡ್ಡ ಮೊತ್ತ, ಆಮೇಲೆ ತಿಂಗಳ ಬಾಡಿಗೆ. ಗೋಡೆಯ ಪೂರ್ಣ ದುರಸ್ತಿ ದೊಡ್ಡ ಕಟ್ಟಡದಲ್ಲಿ ದಶಲಕ್ಷ ಡಾಲರ್‌ಗಳ ಬಾಬತ್ತು. ನಿವಾಸಿಗಳೇ ಷೇರುದಾರರಾಗಿರುವ ಕೋ-ಆಪ್‌ಗಳಲ್ಲಿ ಆ ದುಡ್ಡನ್ನು ಮನೆಮನೆಯಿಂದ ವಿಶೇಷ ವಂತಿಗೆಯಾಗಿ ಎತ್ತಬೇಕು. ನಿವೃತ್ತಿ ಪಿಂಚಣಿಯಲ್ಲಿ ಬದುಕುವ ಹಿರಿಯರು ಇರುವ ಸಭೆಯಲ್ಲಿ ಇದು ಒಂದೇ ಸಂಜೆಗೆ ಮುಗಿಯುವ ಮಾತಲ್ಲ.

ಇದಕ್ಕೆ ಎದುರಾಗಿ ದಂಡ ಎಷ್ಟು? ಒಂಬತ್ತನೇ ಸುತ್ತಿನ ನಿಯಮದಂತೆ, ಅಸುರಕ್ಷಿತ ದೋಷ ಸರಿಮಾಡಿಸದಿದ್ದರೆ ತಿಂಗಳಿಗೆ 1,000 ಡಾಲರ್. ಎರಡನೇ ವರ್ಷದಿಂದ ಚಪ್ಪರದ ಪ್ರತಿ ಅಡಿ ಉದ್ದಕ್ಕೆ ತಿಂಗಳಿಗೆ 10 ಡಾಲರ್ ಸೇರುತ್ತದೆ, ಮುಂದಿನ ವರ್ಷಗಳಲ್ಲಿ 20, 30, 40. ನೂರಡಿ ಚಪ್ಪರಕ್ಕೆ ಎರಡನೇ ವರ್ಷ ತಿಂಗಳಿಗೆ 2,000, ಐದನೇ ವರ್ಷ 5,000. ಅಂದರೆ ಆ ವರ್ಷಕ್ಕೆ 60,000 ಡಾಲರ್. ಗಡುವು ವಿಸ್ತರಣೆ ಸಿಕ್ಕಿದರೆ ಅದೂ ಇಲ್ಲ. ಇಪ್ಪತ್ತು ಲಕ್ಷ ಡಾಲರಿನ ರಿಪೇರಿಯನ್ನು ಮುಂದೂಡುವ ಬಡ್ಡಿಯೆಂದುಕೊಂಡರೆ ಐದನೇ ವರ್ಷದಲ್ಲೂ ಇದು ಶೇ 3. ಬ್ಯಾಂಕಿನಲ್ಲಿ ಇಷ್ಟು ಅಗ್ಗಕ್ಕೆ ಸಾಲ ಸಿಗುವುದಿಲ್ಲ.

2025ರಲ್ಲಿ ಬದಲಾದದ್ದು

2025ರ ಮಾರ್ಚಿನಲ್ಲಿ ಸಿಟಿ ಕೌನ್ಸಿಲ್ ಐದು ಮಸೂದೆಗಳನ್ನು ಒಟ್ಟಿಗೆ ಅಂಗೀಕರಿಸಿತು. ಬೆಳಕು ಹೆಚ್ಚಿಸುವುದು, ಕಡುಹಸಿರಿನ ಕಡ್ಡಾಯ ತೆಗೆದು ಬೇರೆ ಬಣ್ಣಕ್ಕೆ ಅವಕಾಶ ಕೊಡುವುದು ಸುದ್ದಿಯಾದವು. ನಿಜವಾದ ಹಲ್ಲಿರುವುದು ಬೇರೆ ಕಡೆ. ಒಂದು ವರ್ಷ ನಡೆಯುತ್ತಿದ್ದ ಚಪ್ಪರದ ಪರವಾನಗಿ ಮೂರು ತಿಂಗಳಿಗೆ ಇಳಿಯಿತು. ಪ್ರತಿ ನವೀಕರಣಕ್ಕೂ ಕೆಲಸ ಎಲ್ಲಿಗೆ ಬಂತೆಂದು ತೋರಿಸಬೇಕು. ರಿಪೇರಿಯ ನಕ್ಷೆ 5 ತಿಂಗಳಲ್ಲಿ, ಕೆಲಸದ ಪರವಾನಗಿಗೆ ಅರ್ಜಿ 8 ತಿಂಗಳಲ್ಲಿ, ಕೆಲಸ ಮುಗಿಯುವುದು 2 ವರ್ಷದಲ್ಲಿ. ತಪ್ಪಿದ ಪ್ರತಿ ಮೆಟ್ಟಿಲಿಗೆ 5,000ರಿಂದ 20,000 ಡಾಲರ್ ದಂಡ. ಈಗ ಗಡಿಯಾರ ರಿಪೇರಿಯ ಒಂದೊಂದು ಹಂತಕ್ಕೂ ಕಟ್ಟಲ್ಪಟ್ಟಿದೆ.

ಆದರೆ ಹಳೆಯದಾಗುತ್ತ ಹೋಗುವ ಚಪ್ಪರದ ತಿಂಗಳ ದಂಡಕ್ಕೆ 6,000 ಡಾಲರಿನ ಮಿತಿ ಹಾಕಿದ್ದಾರೆ. ಹತ್ತು ಮನೆಯ ಕಟ್ಟಡಕ್ಕೆ ಈ ಮೊತ್ತ ಉಸಿರು ಕಟ್ಟಿಸುತ್ತದೆ. ಇಡೀ ಬೀದಿಯುದ್ದಕ್ಕೂ ಹಬ್ಬಿದ ಕಚೇರಿ ಗೋಪುರದ ಒಡೆಯರಿಗೆ ಅದು ಲಾಬಿಯ ಹೂಗುಚ್ಛದ ಖರ್ಚು. ಮಿತಿ ಉದ್ದಕ್ಕೆ ತಕ್ಕಂತೆ ಏರಬೇಕಿತ್ತು.

ವಿನ್ಯಾಸದ ಕಡೆ, ಇಲಾಖೆ ಆರಪ್ ಮತ್ತು ಪಿಎಯು ಎಂಬ ಎರಡು ಸಂಸ್ಥೆಗಳಿಂದ ಮಾಡಿಸಿದ ಆರು ಹೊಸ ಮಾದರಿಗಳು 2025ರ ಕೊನೆಗೆ ಹೊರಬಂದವು. ಅವುಗಳಲ್ಲಿ ಒಂದಕ್ಕೆ ಫುಟ್‌ಪಾತಿನ ಮೇಲೆ ಕಂಬವೇ ಇಲ್ಲ. ಕಟ್ಟಡದ ಗೋಡೆಯಿಂದಲೇ ಚಾಚಿಕೊಳ್ಳುತ್ತದೆ. ಕಾಣಲು ಚೆಂದ, ಆದರೆ ಆ ಭಾರವನ್ನು ಹೊರುವುದು ನಂಬಿಕೆಗೆ ಯೋಗ್ಯವಾದ ಗೋಡೆಯಾಗಿರಬೇಕು, ಪ್ರಶ್ನೆ ಎದ್ದಿರುವುದೇ ಗೋಡೆಯ ಬಗ್ಗೆ. ಕೆಳಗಿನ ಮಹಡಿಗಳು ಗಟ್ಟಿಯಿದ್ದು ಮೇಲಿನದ್ದು ಮಾತ್ರ ಕೆಟ್ಟಿರುವಲ್ಲಿ ಅದು ಒಪ್ಪುತ್ತದೆ. 2010ರಲ್ಲಿ ಸ್ಪರ್ಧೆ ಗೆದ್ದ 'ಅರ್ಬನ್ ಅಂಬ್ರೆಲ್ಲಾ' ಎಂಬ ಕಮಾನಿನ ಚಪ್ಪರವೂ ಎಲ್ಲರ ಮೆಚ್ಚುಗೆ ಪಡೆದಿತ್ತು. ಮಾಮೂಲಿಗಿಂತ ದುಬಾರಿಯಾದ್ದರಿಂದ ಅದು ಹೋಗಿ ಸೇರಿದ್ದು ಹೆಚ್ಚಾಗಿ ದುಬಾರಿ ಅಂಗಡಿಗಳ ಮುಂದೆ. ಕೆಟ್ಟದ್ದು ಒಂದೇ ಕಡೆಯಾದರೆ ಆ ಭಾಗವನ್ನು ಬಲೆಯಿಂದ ಬಿಗಿದು ಕಟ್ಟುವುದೂ ನಿಯಮದಲ್ಲಿ ಒಪ್ಪಿತ ದಾರಿ. ನಗರ ಕ್ವೀನ್ಸ್‌ನ ನ್ಯಾಯಾಲಯ ಕಟ್ಟಡವೊಂದರಲ್ಲಿ ಇದನ್ನು ಮಾಡಿ ತೋರಿಸಿತು. ಫುಟ್‌ಪಾತಿಗೆ ಯಾವ ತೊಂದರೆಯೂ ಇಲ್ಲ. ಚೆಂದದ ಚಪ್ಪರಕ್ಕಿಂತ ಇದು ಮೇಲು, ಯಾಕೆಂದರೆ ಚೆಂದವಾದದ್ದನ್ನು ಇಳಿಸಿ ಎಂದು ಯಾರೂ ಒತ್ತಾಯಿಸುವುದಿಲ್ಲ.

ಇನ್ನೊಂದು ಬದಲಾವಣೆ ಹೆಚ್ಚು ಚರ್ಚೆಯಾಗಬೇಕಿತ್ತು. ಹೊಸ ಕಟ್ಟಡದ ಮೊದಲ ಪರೀಕ್ಷೆ 5 ವರ್ಷದ ಬದಲು 8 ವರ್ಷಕ್ಕೆ ಹೋಗುತ್ತದೆ; ಇದು ಸರಿಯಾದ ಹೆಜ್ಜೆ. ಉಳಿದವಕ್ಕೆ ಐದು ವರ್ಷದ ಸುತ್ತಿನ ಬದಲು 6ರಿಂದ 12 ವರ್ಷದ ನಡುವೆ ಅಂತರ ಗೊತ್ತುಮಾಡುವ ಅಧಿಕಾರವನ್ನು ಕಾನೂನು ಇಲಾಖೆಗೆ ಕೊಟ್ಟಿದೆ. ಪರೀಕ್ಷೆ ಕಡಿಮೆಯಾದರೆ ಚಪ್ಪರವೂ ಕಡಿಮೆಯಾಗುತ್ತದೆ ಎಂಬುದು ಕಾಗದದ ಮೇಲೆ ನಿಜ. ಆದರೆ ಸ್ವಾರ್ಂಪ್ ಎಂದು ಬರೆಸಿಕೊಂಡ ಬಿರುಕಿಗೆ ಇದುವರೆಗೆ ಇದ್ದ ಕಟ್ಟಕಡೆಯ ಗಡುವು ಮುಂದಿನ ಸುತ್ತು. ಆ ಸುತ್ತು ಐದರ ಬದಲು ಹತ್ತು ವರ್ಷಕ್ಕೆ ಬಂದರೆ ಲಿಂಟಲ್ಲಿನ ತುದಿಯ ಬಿರುಕಿಗೆ ಇನ್ನೂ ಐದು ಚಳಿಗಾಲ ಹೆಚ್ಚು ಸಿಗುತ್ತದೆ, ಪ್ರತಿ ಚಳಿಗಾಲವೂ ಅದರೊಳಗೆ ನೀರನ್ನು ಹೆಪ್ಪುಗಟ್ಟಿಸುತ್ತದೆ. ಅಂತರ ಹಿಗ್ಗಿಸುವುದಾದರೆ ಸ್ವಾರ್ಂಪ್ ರಿಪೇರಿಗೆ ಸುತ್ತಿನಿಂದ ಬೇರೆಯಾದ ಗಡುವು ಬೇಕು: ಎಂಜಿನಿಯರ್ ಬರೆದ ತಾರೀಖು ದಾಟಿದ ಮರುದಿನವೇ ದಂಡ ಓಡಲು ಶುರುವಾಗಬೇಕು, ಈಗಿನಂತೆ ಮುಂದಿನ ವರದಿ ಬಂದಾಗ 2,000 ಡಾಲರ್ ಕಟ್ಟಿ ಕೈತೊಳೆದುಕೊಳ್ಳುವಂತಾಗಬಾರದು.